ಲಿನಕ್ಸ್ ಕರ್ನಲ್‌ಗೆ ವಿನ್ಯಾಸ ಪ್ರಸ್ತಾವ: ಬರೆಯುವ ಮತ್ತು ವಾದಿಸುವ ಕ್ರಮ

ಲಿನಕ್ಸ್‌ನಲ್ಲಿ ಒಂದು ಪ್ರೋಸೆಸ್‌ಗೆ (ಚಾಲನೆಯಲ್ಲಿರುವ ಪ್ರೋಗ್ರಾಂಗೆ) ಸಿಗ್ನಲ್, ಅಂದರೆ ‘ನಿಲ್ಲು’ ಎಂಬಂಥ ಚುಟುಕು ಸೂಚನೆ, ಕಳುಹಿಸಲು ‘ಕಿಲ್’ ಎಂಬ ಸಿಸ್ಟಂ ಕಾಲ್ (ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಿಂದ ಪ್ರೋಗ್ರಾಂಗಳು ಕೆಲಸ ಮಾಡಿಸಿಕೊಳ್ಳುವ ಕರೆ) ಮೊದಲಿನಿಂದಲೂ ಇದೆ. ಆದರೂ 2018ರ ನವೆಂಬರ್‌ನಲ್ಲಿ ಕರ್ನಲ್ ಎಂಜಿನಿಯರ್ ಕ್ರಿಸ್ಟಿಯನ್ ಬ್ರೌನರ್ ಅವರು ಅದೇ ಕೆಲಸವನ್ನು ಬೇರೊಂದು ಬಗೆಯಲ್ಲಿ ಮಾಡುವ ಪ್ರಸ್ತಾವವನ್ನು ಕರ್ನಲ್ ಬಳಗದ ಮುಂದಿಟ್ಟರು. ಮುಂದಿನ ಕೆಲವು ತಿಂಗಳುಗಳಲ್ಲಿ ಆ ಪ್ರಸ್ತಾವದ ರೂಪ ಬದಲಾಯಿತು, ಹೆಸರು ಎರಡು ಸಲ ಬದಲಾಯಿತು, ಅದು ಹೊಗಬೇಕಾದ ಬಾಗಿಲೂ ಬದಲಾಯಿತು. ಕೊನೆಗೆ 2019ರಲ್ಲಿ 5.1ನೇ ಆವೃತ್ತಿಯಲ್ಲಿ ಅದು ‘ಪಿಐಡಿಎಫ್‌ಡಿ_ಸೆಂಡ್_ಸಿಗ್ನಲ್’ (ಮುಂದೆ ಚಿಕ್ಕದಾಗಿ ಪಿಐಡಿಎಫ್‌ಡಿ) ಎಂಬ ಹೆಸರಿನಲ್ಲಿ, 424ನೇ ಸಂಖ್ಯೆಯ ಸಿಸ್ಟಂ ಕಾಲ್ ಆಗಿ ಕರ್ನಲ್ ಸೇರಿತು. ಆಪರೇಟಿಂಗ್ ಸಿಸ್ಟಂ ಒಂದರ ವಿನ್ಯಾಸದ ಬಗ್ಗೆ ಎಂಜಿನಿಯರುಗಳು ಹೇಗೆ ವಾದಿಸುತ್ತಾರೆ ಮತ್ತು ಆ ವಾದದಲ್ಲಿ ಹೊಸಬರೊಬ್ಬರು ಪಾಲ್ಗೊಳ್ಳುವುದು ಹೇಗೆ ಎಂಬುದನ್ನು ವಿವರಿಸಲು ಈ ಒಂದು ಉದಾಹರಣೆಯನ್ನೇ ನಾನು ಉದ್ದಕ್ಕೂ ಹಿಡಿದು ನಡೆಯುತ್ತೇನೆ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಿರಬೇಕು. ಕರ್ನಲ್‌ನ ಒಳಗಿನ ಕೋಡನ್ನು ಯಾವಾಗ ಬೇಕಾದರೂ ತಿದ್ದಬಹುದು; ಇಂದು ಬರೆದ ಫಂಕ್ಷನ್ನನ್ನು ಮುಂದಿನ ಆವೃತ್ತಿಯಲ್ಲಿ ಅಳಿಸಿದರೆ ಯಾರೂ ಕೇಳುವುದಿಲ್ಲ. ಆದರೆ ಬಳಕೆದಾರರ ಪ್ರೋಗ್ರಾಂಗಳು ನೇರವಾಗಿ ಕರೆಯುವ ಇಂಟರ್‌ಫೇಸ್ ಹಾಗಲ್ಲ. ಒಮ್ಮೆ ಅದು ಬಿಡುಗಡೆಯಾಗಿ ಯಾವುದೋ ಊರಿನ ಯಾವುದೋ ಪ್ರೋಗ್ರಾಂ ಅದನ್ನು ನೆಚ್ಚಿಕೊಂಡಿತೆಂದರೆ ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಸಿಸ್ಟಂ ಕಾಲ್‌ಗೆ ಹೊಂದುವಷ್ಟು ಬೇರಾವುದಕ್ಕೂ ಹೊಂದುವುದಿಲ್ಲ. ಹಾಗಾಗಿ ನಿಮ್ಮ ಪ್ರಸ್ತಾವವನ್ನು ಓದುವ ಮೇಂಟೇನರ್ (ಕರ್ನಲ್‌ನ ಒಂದು ಭಾಗದ ಹೊಣೆ ಹೊತ್ತವರು) ಅದರ ಜಾಣ್ಮೆಯನ್ನು ತೂಗುತ್ತ ಕೂರುವುದಿಲ್ಲ. ಇದನ್ನು ಒಪ್ಪಿದರೆ ಇನ್ನು ಇಪ್ಪತ್ತು ವರ್ಷ ನಾವು ಯಾವುದಕ್ಕೆ ಬದ್ಧರಾಗಿರಬೇಕಾಗುತ್ತದೆ ಎಂಬ ಲೆಕ್ಕವನ್ನು ಅವರು ಹಾಕುತ್ತಿರುತ್ತಾರೆ. ಆ ಲೆಕ್ಕವನ್ನು ಅವರಿಗಿಂತ ಮೊದಲು ನೀವೇ ಹಾಕಿ, ಬಿಡಿಸಿ ಮುಂದಿಡುವುದೇ ಒಳ್ಳೆಯ ಪ್ರಸ್ತಾವದ ಕೆಲಸ. ಮುಂದಿನ ಹಂತಗಳೆಲ್ಲ ಇದಕ್ಕಾಗಿಯೇ ಇವೆ.

ಹಂತ 1: ಪರಿಹಾರವನ್ನು ಬದಿಗಿಟ್ಟು ಸಮಸ್ಯೆಯನ್ನು ಬರೆಯಿರಿ

ಹೊಸಬರ ಬಹುಪಾಲು ಪ್ರಸ್ತಾವಗಳು ಎಡವುವುದು ಇಲ್ಲಿಯೇ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತೆ, ಪರಿಹಾರದ ವಿವರಗಳೆಲ್ಲ ಸಿದ್ಧವಾಗಿರುತ್ತವೆ, ಸಮಸ್ಯೆ ಏನೆಂಬುದು ಮಾತ್ರ ಒಂದೂವರೆ ಸಾಲಿನಲ್ಲಿ ಮುಗಿದಿರುತ್ತದೆ. ನನ್ನ ಮೊದಲ ಪ್ರಸ್ತಾವದಲ್ಲಿಯೂ ಹೀಗೆಯೇ ಆಗಿತ್ತು. ಏಳು ಪ್ಯಾಚ್‌ಗಳ (ಕೋಡ್ ಬದಲಾವಣೆಗಳ) ಆ ಸರಣಿಗೆ ಬಂದ ಮೊದಲ ಉತ್ತರ ಒಂದೇ ಸಾಲಿನದು: ಇದನ್ನು ಯಾವ ಪ್ರೋಗ್ರಾಂ ಕರೆಯುತ್ತದೆ? ನನ್ನ ಬಳಿ ಹೆಸರಿಸಬಹುದಾದ ಒಂದು ಪ್ರೋಗ್ರಾಂ ಕೂಡ ಇರಲಿಲ್ಲ. ಆ ಪ್ರಶ್ನೆ ಸರಿಯಾದದ್ದೇ ಆಗಿತ್ತು, ಮತ್ತು ಅಂದಿನಿಂದ ನಾನು ಏನನ್ನು ಬರೆಯುವ ಮೊದಲೂ ಅದನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ.

ಸಮಸ್ಯೆಯನ್ನು ಬರೆಯುವುದೆಂದರೆ ಏನೆಂದು ಪಿಐಡಿಎಫ್‌ಡಿಯ ಸಂದರ್ಭದಲ್ಲಿ ನೋಡೋಣ. ಯುನಿಕ್ಸ್‌ನಲ್ಲಿ ಪ್ರತಿ ಪ್ರೋಸೆಸ್‌ಗೂ ಒಂದು ಸಂಖ್ಯೆ ಇರುತ್ತದೆ. ಲಿನಕ್ಸ್‌ನಲ್ಲಿ ಆ ಸಂಖ್ಯೆಯ ಮಿತಿ ಬಹುಕಾಲ ಪೂರ್ವನಿಯೋಜಿತವಾಗಿ 32768 ಇತ್ತು. ಎಣಿಕೆ ಅಲ್ಲಿಗೆ ಮುಟ್ಟಿದ ಮೇಲೆ ಮತ್ತೆ ಕೆಳಗಿನಿಂದ, ಖಾಲಿಯಾದ ಸಂಖ್ಯೆಗಳನ್ನು ಹುಡುಕಿ ಹಂಚಲಾಗುತ್ತದೆ. ಈಗ ಒಂದು ಮೇಲ್ವಿಚಾರಣಾ ಪ್ರೋಗ್ರಾಂ 8123ನೇ ಪ್ರೋಸೆಸ್ಸನ್ನು ಗಮನಿಸುತ್ತಿದೆ ಎನ್ನಿ. ಅದು ಹದಗೆಟ್ಟಿದೆ ಎಂದು ನಿರ್ಧರಿಸಿ ‘ಕಿಲ್’ ಕರೆಯುವಷ್ಟರಲ್ಲಿ ಆ ಪ್ರೋಸೆಸ್ ತಾನಾಗಿಯೇ ಮುಗಿದು, ಅದೇ 8123 ಇನ್ನೊಂದು ಪ್ರೋಸೆಸ್‌ಗೆ ಸಿಕ್ಕಿರಬಹುದು. ಸಿಗ್ನಲ್ ಹೋಗಿ ತಟ್ಟುವುದು ಏನೂ ಅರಿಯದ ಆ ಹೊಸ ಪ್ರೋಸೆಸ್‌ಗೆ. ಪರಿಶೀಲನೆಗೂ ಸಿಗ್ನಲ್‌ಗೂ ನಡುವೆ ಇರುವ ಆ ಕಿರು ಅವಧಿಯನ್ನು ಬಳಕೆದಾರರ ಪ್ರೋಗ್ರಾಂ ಎಷ್ಟೇ ಎಚ್ಚರದಿಂದ ಬರೆದರೂ ಮುಚ್ಚಲಾಗದು.

ಇಲ್ಲಿಗೆ ನಿಲ್ಲಿಸಬಾರದು. ಜಾಗರೂಕ ಓದುಗರು ತಕ್ಷಣ ಕೇಳುತ್ತಾರೆ: ತಾಯಿ-ಪ್ರೋಸೆಸ್ ‘ವೇಟ್’ ಕರೆಯುವವರೆಗೆ ಸತ್ತ ಪ್ರೋಸೆಸ್‌ನ ಸಂಖ್ಯೆ ಬಿಡುಗಡೆಯಾಗುವುದಿಲ್ಲವಲ್ಲ, ಹಾಗಿದ್ದರೆ ತೊಂದರೆ ಎಲ್ಲಿ? ಉತ್ತರವನ್ನು ನೀವೇ ಮೊದಲು ಬರೆದಿಡಬೇಕು. ತೊಂದರೆ ತಾಯಿ-ಪ್ರೋಸೆಸ್‌ಗೆ ಇಲ್ಲ. ತಾನು ಹುಟ್ಟಿಸದ ಪ್ರೋಸೆಸ್ಸನ್ನು ಹೊರಗಿನಿಂದ ನೋಡಿಕೊಳ್ಳುವ ಸರ್ವಿಸ್ ಮ್ಯಾನೇಜರ್, ಕಂಟೇನರ್ ಮ್ಯಾನೇಜರ್ ಮುಂತಾದವುಗಳಿಗಿದೆ. ಹೀಗೆ ಗಡಿ ಎಳೆದಾಗ ಸಮಸ್ಯೆ ಚಿಕ್ಕದಾಗಿ ಕಂಡರೂ ಗಟ್ಟಿಯಾಗುತ್ತದೆ, ಮತ್ತು ಯಾವ ಪ್ರೋಗ್ರಾಂ ಇದನ್ನು ಕರೆಯುತ್ತದೆ ಎಂಬ ಪ್ರಶ್ನೆಗೂ ಅದರಲ್ಲೇ ಉತ್ತರ ಸಿಗುತ್ತದೆ.

ಕೈಯಲ್ಲಿ ಮಾಡಬೇಕಾದ ಕೆಲಸ ಇಷ್ಟು: ಒಂದು ಪುಟದಲ್ಲಿ ಸಮಸ್ಯೆಯನ್ನು ಬರೆಯಿರಿ, ಅದರಲ್ಲಿ ನಿಮ್ಮ ಪರಿಹಾರದ ಹೆಸರೇ ಬರದಿರಲಿ. ಸಾಧ್ಯವಾದರೆ ಸಮಸ್ಯೆಯನ್ನು ಕಣ್ಣಿಗೆ ತೋರಿಸುವ ಚಿಕ್ಕ ಸಿ ಪ್ರೋಗ್ರಾಂ ಒಂದನ್ನು ಜೊತೆಗಿಡಿ. ಅದನ್ನು ಕರ್ನಲ್‌ನವರಲ್ಲದ ಸಹೋದ್ಯೋಗಿಯೊಬ್ಬರಿಗೆ ಕೊಟ್ಟು, ಓದಿ ಮುಗಿಸಿದ ಮೇಲೆ ಸಮಸ್ಯೆ ಏನೆಂದು ಅವರ ಮಾತಿನಲ್ಲಿ ಹೇಳಿಸಿರಿ. ಅವರು ತಪ್ಪಾಗಿ ಹೇಳಿದರೆ ತಿದ್ದಬೇಕಾದದ್ದು ನಿಮ್ಮ ಪುಟ.

ಹಂತ 2: ಹಿಂದೆ ನಡೆದ ವಾದವನ್ನು ಹುಡುಕಿ ಓದಿರಿ

ನಿಮ್ಮ ಆಲೋಚನೆ ಮೊದಲ ಸಲ ಬಂದಿರುವುದು ಬಹಳ ಅಪರೂಪ. ಕರ್ನಲ್‌ನ ಚರ್ಚೆ ಬಹುಪಾಲು ನಡೆಯುವುದು ಮೇಲಿಂಗ್ ಪಟ್ಟಿಗಳ ಇಮೇಲ್ ಪತ್ರಗಳಲ್ಲಿ; ಹಳೆಯ ಪತ್ರಗಳೆಲ್ಲ ಲೋರ್ ಎಂಬ ಸಾರ್ವಜನಿಕ ಸಂಗ್ರಹದಲ್ಲಿ ಸಿಗುತ್ತವೆ. ಎರಡು ಮೂರು ದಿನ ಅದಕ್ಕೆಂದೇ ಮೀಸಲಿಡಿ. ಕಡತದ ವಿವರಗಳನ್ನು ಕೊಡುವ ‘ಸ್ಟ್ಯಾಟ್‌ಎಕ್ಸ್’ ಸಿಸ್ಟಂ ಕಾಲ್ 2017ರಲ್ಲಿ 4.11ನೇ ಆವೃತ್ತಿಗೆ ಬಂತು; ಅದರ ಮೊದಲ ರೂಪವನ್ನು ಡೇವಿಡ್ ಹೋವೆಲ್ಸ್ ಅವರು ‘ಎಕ್ಸ್‌ಸ್ಟ್ಯಾಟ್’ ಎಂಬ ಹೆಸರಿನಲ್ಲಿ ಕಳುಹಿಸಿದ್ದು 2010ರಲ್ಲಿ. ನಡುವಿನ ಏಳು ವರ್ಷಗಳ ವಾದವನ್ನು ಓದದೆ ಅದೇ ವಿಷಯದ ಮೇಲೆ ಬರೆಯಲು ಕುಳಿತವರು ಆ ಏಳು ವರ್ಷಗಳ ಆಕ್ಷೇಪಗಳನ್ನು ಮೊದಲಿನಿಂದ ಎದುರಿಸಬೇಕಾಗುತ್ತಿತ್ತು.

ಒಪ್ಪಿಗೆ ಸಿಗದೆ ಹೋದ ಪ್ರಸ್ತಾವಗಳನ್ನು ಓದುವುದು ಇನ್ನೂ ಹೆಚ್ಚು ಉಪಯುಕ್ತ. 2014ರಲ್ಲಿ ಮಂಡನೆಯಾದ ‘ಕೆಡಿಬಸ್’ ಎಂಬುದು ಪ್ರೋಸೆಸ್‌ಗಳ ನಡುವಿನ ಸಂದೇಶ ವಿನಿಮಯವನ್ನು ಕರ್ನಲ್‌ನೊಳಗೇ ತರುವ ದೊಡ್ಡ ಯೋಜನೆ. 2015ರ ಏಪ್ರಿಲ್‌ನಲ್ಲಿ ಅದನ್ನು ಮುಖ್ಯ ಕರ್ನಲ್‌ಗೆ ಸೇರಿಸಲು ಕೋರಿಕೆ ಹೋದಾಗ, ಕಳುಹಿಸಿದವರ ಗುರುತು ಮತ್ತು ಅಧಿಕಾರಗಳ ವಿವರವನ್ನು ಪ್ರತಿ ಸಂದೇಶದೊಂದಿಗೆ ಸಾಗಿಸುವ ಅದರ ರೀತಿಗೆ ಭದ್ರತೆಯ ದೃಷ್ಟಿಯಿಂದ ಬಲವಾದ ಆಕ್ಷೇಪ ಬಂತು. ವೇಗ ಹೆಚ್ಚುತ್ತದೆ ಎಂಬ ವಾದವನ್ನೂ ಹಲವರು ಪ್ರಶ್ನಿಸಿದರು. ಯೋಜನೆ ಮುಖ್ಯ ಕರ್ನಲ್ ಸೇರಲಿಲ್ಲ. ಆ ಪತ್ರಗಳನ್ನು ಒಮ್ಮೆ ಓದಿದರೆ ಮೇಂಟೇನರುಗಳು ಯಾವ ಜಾಗದಲ್ಲಿ ಕೈ ಇಟ್ಟು ನೋಡುತ್ತಾರೆ ಎಂಬುದು ಯಾವ ಕೈಪಿಡಿಯಿಂದಲೂ ತಿಳಿಯದಷ್ಟು ಚೆನ್ನಾಗಿ ತಿಳಿಯುತ್ತದೆ.

ಓದುವಾಗ ಪ್ರತಿ ಆಕ್ಷೇಪವನ್ನೂ ಪ್ರತ್ಯೇಕ ಸಾಲಿನಲ್ಲಿ ಬರೆದುಕೊಳ್ಳಿ, ಪಕ್ಕದಲ್ಲಿ ಅದಕ್ಕೆ ನಿಮ್ಮ ವಿನ್ಯಾಸ ಏನು ಉತ್ತರ ಕೊಡುತ್ತದೆ ಎಂದು ನಮೂದಿಸಿ. ಉತ್ತರ ಇಲ್ಲದ ಸಾಲುಗಳು ಉಳಿದರೆ ಅವನ್ನು ಮುಚ್ಚಿಡಬೇಡಿ; ಪ್ರಸ್ತಾವದಲ್ಲಿ ಅವಕ್ಕೂ ಜಾಗ ಇದೆ.

ಹಂತ 3: ಇದು ಯಾರ ಅಂಗಳದ ವಿಷಯ ಎಂದು ತಿಳಿಯಿರಿ

ಲಿನಕ್ಸ್‌ನಲ್ಲಿ ಒಂದೇ ಸಮಿತಿ ಕುಳಿತು ತೀರ್ಮಾನಿಸುವುದಿಲ್ಲ. ಮೆಮೊರಿ, ಶೆಡ್ಯೂಲರ್, ಫೈಲ್‌ಸಿಸ್ಟಂ, ನೆಟ್‌ವರ್ಕಿಂಗ್ ಹೀಗೆ ಪ್ರತಿ ವಿಭಾಗಕ್ಕೂ ಮೇಂಟೇನರುಗಳಿದ್ದಾರೆ. ಅವರ ಹೆಸರು ಮತ್ತು ವಿಳಾಸ ಮೂಲ ಕೋಡ್‌ನ ಜೊತೆಯಲ್ಲೇ ಬರುವ ‘ಮೇಂಟೇನರ್ಸ್’ ಎಂಬ ಕಡತದಲ್ಲಿವೆ, ಮತ್ತು ಯಾವ ಪ್ಯಾಚ್ ಯಾರಿಗೆ ಹೋಗಬೇಕೆಂದು ತೋರಿಸಲು ‘ಗೆಟ್_ಮೇಂಟೇನರ್’ ಎಂಬ ಸ್ಕ್ರಿಪ್ಟ್ ಇದೆ. ಹೊಸ ಸಿಸ್ಟಂ ಕಾಲ್ ಆದರೆ ಬಳಕೆದಾರರ ಇಂಟರ್‌ಫೇಸ್‌ಗೆಂದೇ ಇರುವ ಎಪಿಐ ಮೇಲಿಂಗ್ ಪಟ್ಟಿಗೂ ಪ್ರತಿ ಹೋಗಬೇಕು.

ತೀರ್ಮಾನದ ಕ್ರಮ ಎಲ್ಲ ಕಡೆಯೂ ಇದೇ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಯಾವ ಇನಿಟ್ ವ್ಯವಸ್ಥೆಯನ್ನು (ಯಂತ್ರ ಶುರುವಾದಾಗ ಉಳಿದ ಸೇವೆಗಳನ್ನು ಎಬ್ಬಿಸುವ ವ್ಯವಸ್ಥೆ) ಪೂರ್ವನಿಯೋಜಿತವಾಗಿ ಇಟ್ಟುಕೊಳ್ಳಬೇಕೆಂಬ ವಾದ ತಾಂತ್ರಿಕ ಸಮಿತಿಯ ಮುಂದೆ ಹೋಗಿ, 2014ರ ಫೆಬ್ರವರಿಯಲ್ಲಿ ಸಿಸ್ಟಂಡಿ ಮತ್ತು ಅಪ್‌ಸ್ಟಾರ್ಟ್ ಪರವಾಗಿ ನಾಲ್ಕು-ನಾಲ್ಕು ಮತಗಳು ಬಿದ್ದವು. ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಂಡಿ ಆಯ್ಕೆಯಾಯಿತು. ಕರ್ನಲ್‌ನಲ್ಲಿ ಮತದಾನ ಇಲ್ಲ. ಎಷ್ಟು ಜನ ನಿಮ್ಮ ಪರ ಬರೆದರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಸಂಬಂಧಿಸಿದ ಮೇಂಟೇನರ್ ಎತ್ತಿದ ಒಂದು ತಾಂತ್ರಿಕ ಆಕ್ಷೇಪಕ್ಕೆ ಉತ್ತರ ಸಿಕ್ಕಿತೇ ಇಲ್ಲವೇ ಎಂಬುದು ಬರುತ್ತದೆ. ಸಹೋದ್ಯೋಗಿಗಳಿಂದ ಬೆಂಬಲದ ಪತ್ರ ಬರೆಸುವುದರಿಂದ ಏನೂ ಆಗುವುದಿಲ್ಲ.

ಹಂತ 4: ಹಿಂದಕ್ಕೆ ಪಡೆಯಲಾಗದ ಭಾಗವನ್ನು ವಿನ್ಯಾಸಗೊಳಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಹೆಚ್ಚಿನ ಸಮಯ ಇಲ್ಲಿಯೇ ಹೋಗಲಿ.

ಮೊದಲನೆಯದಾಗಿ, ಹೊಸ ಸಿಸ್ಟಂ ಕಾಲ್‌ಗೆ ‘ಫ್ಲ್ಯಾಗ್ಸ್’ (ಕರೆಯ ನಡವಳಿಕೆಯನ್ನು ಬದಲಿಸುವ ಆಯ್ಕೆಗಳು) ಎಂಬ ಒಂದು ಆರ್ಗ್ಯುಮೆಂಟ್ ಇಡಿ, ಇಂದು ಅದರ ಅಗತ್ಯ ಇಲ್ಲದಿದ್ದರೂ ಇಡಿ. ಲಿನಕ್ಸ್‌ನ ಸಿಸ್ಟಂ ಕಾಲ್ ಪಟ್ಟಿಯನ್ನು ತೆರೆದು ನೋಡಿದರೆ ಇದನ್ನು ಮರೆತದ್ದರ ಗುರುತುಗಳು ಸಾಲಾಗಿ ಕಾಣುತ್ತವೆ. ‘ಪೈಪ್’ ಆದ ಮೇಲೆ ‘ಪೈಪ್2’ ಬಂತು, ‘ಡಪ್2’ ಆದ ಮೇಲೆ ‘ಡಪ್3’, ‘ಅಕ್ಸೆಪ್ಟ್’ ಆದ ಮೇಲೆ ‘ಅಕ್ಸೆಪ್ಟ್4’, ‘ರಿನೇಮ್‌ಆ್ಯಟ್’ ಆದ ಮೇಲೆ ‘ರಿನೇಮ್‌ಆ್ಯಟ್2’. ಹಳೆಯವು ಯಾವುವೂ ಹೋಗಲಿಲ್ಲ, ಹೋಗುವುದೂ ಇಲ್ಲ. ಎರಡನ್ನೂ ಕಾಪಾಡಿಕೊಂಡು ಬರುವ ಹೊಣೆ ಉಳಿಯಿತು.

ಎರಡನೆಯದು, ಗೊತ್ತಿಲ್ಲದ ಫ್ಲ್ಯಾಗ್ ಬಂದರೆ ಕರ್ನಲ್ ಅದನ್ನು ಕಡ್ಡಾಯವಾಗಿ ತಿರಸ್ಕರಿಸಿ ಇ-ಇನ್‌ವ್ಯಾಲ್ (ಅಮಾನ್ಯ ಆರ್ಗ್ಯುಮೆಂಟ್) ದೋಷವನ್ನು ಹಿಂದಿರುಗಿಸಬೇಕು. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ, ಆದರೆ ಇದರ ಬೆಲೆ ಏನೆಂದು ‘ಓಪನ್’ ಸಿಸ್ಟಂ ಕಾಲ್ ತೋರಿಸುತ್ತದೆ. ‘ಓಪನ್’ ತನಗೆ ಗೊತ್ತಿಲ್ಲದ ಫ್ಲ್ಯಾಗ್‌ಗಳನ್ನು ಸುಮ್ಮನೆ ಕಡೆಗಣಿಸುತ್ತದೆ. 2013ರಲ್ಲಿ 3.11ನೇ ಆವೃತ್ತಿಗೆ ಹೆಸರಿಲ್ಲದ ತಾತ್ಕಾಲಿಕ ಕಡತವನ್ನು ತೆರೆಯುವ ‘ಓ_ಟಿಎಂಪಿಫೈಲ್’ ಎಂಬ ಫ್ಲ್ಯಾಗ್ ಸೇರಿಸಬೇಕಾದಾಗ ಈ ಉದಾರತೆಯೇ ತೊಡಕಾಯಿತು: ಹಳೆಯ ಕರ್ನಲ್‌ನಲ್ಲಿ ಅದನ್ನು ಬಳಸಿದ ಪ್ರೋಗ್ರಾಂಗೆ ‘ಇದು ನನಗೆ ಗೊತ್ತಿಲ್ಲ’ ಎಂಬ ಉತ್ತರ ಸಿಗಬೇಕು, ಆದರೆ ‘ಓಪನ್’ ಅದನ್ನು ನುಂಗಿಕೊಂಡು ಬೇರೇನನ್ನೋ ಮಾಡಿಬಿಡಬಹುದು. ಕೊನೆಗೆ ಆ ಹೊಸ ಫ್ಲ್ಯಾಗ್‌ನೊಳಗೆ ‘ಓ_ಡೈರೆಕ್ಟರಿ’ ಎಂಬ ಹಳೆಯ ಫ್ಲ್ಯಾಗನ್ನು ಬೆರೆಸಿಟ್ಟರು. ಡೈರೆಕ್ಟರಿಯೊಂದನ್ನು ಬರೆಯುವುದಕ್ಕೆಂದು ತೆರೆಯಲು ಹೋದರೆ ಹಳೆಯ ಕರ್ನಲ್ ಹೇಗೂ ದೋಷ ಕೊಡುತ್ತದೆ, ಆದ್ದರಿಂದ ಹೊಸ ಸೌಲಭ್ಯ ಇಲ್ಲವೆಂದು ಪ್ರೋಗ್ರಾಂಗೆ ತಿಳಿಯುತ್ತದೆ. ಉಪಾಯ ಚೆನ್ನಾಗಿದೆ. ಆದರೆ ಮೊದಲೇ ನಾಲ್ಕು ಸಾಲಿನ ಪರಿಶೀಲನೆ ಇದ್ದಿದ್ದರೆ ಇಂಥ ಉಪಾಯದ ಅಗತ್ಯವೇ ಬರುತ್ತಿರಲಿಲ್ಲ. 2020ರಲ್ಲಿ 5.6ನೇ ಆವೃತ್ತಿಗೆ ಬಂದ ‘ಓಪನ್‌ಆ್ಯಟ್2’ ಗೊತ್ತಿಲ್ಲದ ಫ್ಲ್ಯಾಗನ್ನು ಕಟ್ಟುನಿಟ್ಟಾಗಿ ತಿರಸ್ಕರಿಸುತ್ತದೆ.

ಪಿಐಡಿಎಫ್‌ಡಿಯವರು ಈ ಎರಡೂ ನಿಯಮಗಳನ್ನು ಪಾಲಿಸಿದರು. 2019ರಲ್ಲಿ ಅದರ ನಾಲ್ಕನೇ ಆರ್ಗ್ಯುಮೆಂಟ್ ಆದ ಫ್ಲ್ಯಾಗ್ಸ್‌ಗೆ ಸೊನ್ನೆಯಲ್ಲದೆ ಬೇರೆ ಬೆಲೆಯೇ ಇರಲಿಲ್ಲ; ಬೇರೇನು ಕೊಟ್ಟರೂ ದೋಷ. 2024ರಲ್ಲಿ, 6.9ನೇ ಆವೃತ್ತಿಯಲ್ಲಿ, ಸಿಗ್ನಲ್ ಒಂದು ಥ್ರೆಡ್‌ಗೆ (ಪ್ರೋಸೆಸ್‌ನೊಳಗಿನ ಒಂದು ಎಳೆಗೆ) ಹೋಗಬೇಕೋ ಇಡೀ ಗುಂಪಿಗೆ ಹೋಗಬೇಕೋ ಎಂದು ಹೇಳುವ ಅಗತ್ಯ ಬಿದ್ದಾಗ, ಐದು ವರ್ಷ ಖಾಲಿ ಕಾದಿದ್ದ ಅದೇ ಜಾಗ ಬಳಕೆಗೆ ಬಂತು. ಹೊಸ ಸಿಸ್ಟಂ ಕಾಲ್ ಬೇಕಾಗಲಿಲ್ಲ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವುದು ಈ ಸೊನ್ನೆ.

ಮೂರನೆಯದು, ಆರ್ಗ್ಯುಮೆಂಟ್‌ಗಳು ಹೆಚ್ಚಾಗಬಹುದೆಂದು ತೋರಿದರೆ ಅವನ್ನೆಲ್ಲ ಒಂದು ಸ್ಟ್ರಕ್ಚರ್‌ನಲ್ಲಿಟ್ಟು, ಅದರ ಗಾತ್ರವನ್ನೂ ಜೊತೆಗೆ ಕಳುಹಿಸುವ ವ್ಯವಸ್ಥೆ ಮಾಡಿ. ‘ಕ್ಲೋನ್3’ ಮತ್ತು ‘ಓಪನ್‌ಆ್ಯಟ್2’ ಹೀಗಿವೆ. ಹಳೆಯ ಪ್ರೋಗ್ರಾಂ ಚಿಕ್ಕ ಸ್ಟ್ರಕ್ಚರ್ ಕಳುಹಿಸಿದರೆ ಹೊಸ ಕರ್ನಲ್ ಉಳಿದದ್ದನ್ನು ಸೊನ್ನೆ ಎಂದು ತಿಳಿಯುತ್ತದೆ. ಹೊಸ ಪ್ರೋಗ್ರಾಂ ದೊಡ್ಡದನ್ನು ಹಳೆಯ ಕರ್ನಲ್‌ಗೆ ಕಳುಹಿಸಿದಾಗ, ಹೆಚ್ಚುವರಿ ಭಾಗವೆಲ್ಲ ಸೊನ್ನೆಯಾಗಿದ್ದರೆ ಕೆಲಸ ನಡೆಯುತ್ತದೆ, ಇಲ್ಲದಿದ್ದರೆ ಇ-ಟೂಬಿಗ್ ದೋಷ ಬರುತ್ತದೆ. ಕರ್ನಲ್‌ನ ವಸ್ತುವೊಂದನ್ನು ಬಳಕೆದಾರರಿಗೆ ತೋರಿಸಬೇಕಾದರೆ ಹೊಸ ಬಗೆಯ ಗುರುತನ್ನು ಹುಟ್ಟುಹಾಕುವ ಬದಲು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಕಡತಕ್ಕೆ ಕರ್ನಲ್ ಕೊಡುವ ಹಿಡಿಕೆ) ಬಳಸಿ. ಪಿಐಡಿಎಫ್‌ಡಿ ಮಾಡಿದ್ದು ಇದನ್ನೇ: ಡಿಸ್ಕ್ರಿಪ್ಟರ್ ನಿರ್ದಿಷ್ಟ ಪ್ರೋಸೆಸ್ಸೊಂದಕ್ಕೇ ಅಂಟಿಕೊಂಡಿರುವುದರಿಂದ, ಆ ಪ್ರೋಸೆಸ್ ಮುಗಿದಿದ್ದರೆ ಅದರ ಸಂಖ್ಯೆ ಯಾರಿಗೆ ಹೋಗಿದ್ದರೂ ಸಿಗ್ನಲ್ ಮಾತ್ರ ಎಲ್ಲಿಗೂ ಹೋಗದೆ ದೋಷ ಹಿಂದಿರುಗುತ್ತದೆ.

ಈ ಸೂಚನೆಗಳಲ್ಲಿ ಹೆಚ್ಚಿನವು ಕರ್ನಲ್‌ನ ಜೊತೆಗೆ ಬರುವ ಸಿಸ್ಟಂ ಕಾಲ್ ಸೇರಿಸುವ ಬಗೆಗಿನ ದಾಖಲೆಯಲ್ಲಿಯೇ ಇವೆ. ಪ್ರಸ್ತಾವ ಕಳುಹಿಸುವ ಹಿಂದಿನ ದಿನ ಅದನ್ನು ಮತ್ತೊಮ್ಮೆ ಓದಿ.

ಹಂತ 5: ಮುಖಪತ್ರ ಬರೆಯಿರಿ

ಚರ್ಚೆಗಾಗಿ ಕಳುಹಿಸುವ ಪ್ಯಾಚ್ ಸರಣಿಯ ಶೀರ್ಷಿಕೆಯಲ್ಲಿ ‘ಆರ್‌ಎಫ್‌ಸಿ’ ಎಂದು ಗುರುತು ಹಾಕಬೇಕು. ಇದು ಇನ್ನೂ ಸೇರ್ಪಡೆಗೆ ಸಿದ್ಧವಾಗಿಲ್ಲ, ಅಭಿಪ್ರಾಯ ಬೇಕು ಎಂಬುದು ಅದರ ಅರ್ಥ. ಸರಣಿಯ ಮೊದಲ ಪತ್ರವೇ ಮುಖಪತ್ರ, ಅಂದರೆ ಕವರ್ ಲೆಟರ್, ಮತ್ತು ಅನೇಕರು ಓದುವುದು ಅದನ್ನು ಮಾತ್ರ. ಅದರಲ್ಲಿ ಮೊದಲು ಸಮಸ್ಯೆ, ಬಳಿಕ ಈಗಿರುವ ದಾರಿಗಳು ಏಕೆ ಸಾಲವು ಎಂಬುದು, ಅನಂತರ ನಿಮ್ಮ ಇಂಟರ್‌ಫೇಸ್‌ನ ರೂಪ ಬರಲಿ. ಪ್ರೋಗ್ರಾಂ ಬರೆಯುವವರು ಅದನ್ನು ಹೇಗೆ ಕರೆಯುತ್ತಾರೆ ಎಂಬ ಹತ್ತು ಸಾಲಿನ ಮಾದರಿಯೂ ಇರಲಿ. ವಿನ್ಯಾಸದ ದೋಷಗಳು ವಿವರಣೆಯಲ್ಲಿ ಅಡಗುತ್ತವೆ, ಮಾದರಿ ಕೋಡ್‌ನಲ್ಲಿ ಅಡಗುವುದಿಲ್ಲ.

ನೀವು ಪರಿಗಣಿಸಿ ಬಿಟ್ಟ ಬೇರೆ ವಿನ್ಯಾಸಗಳನ್ನು ಕಾರಣದ ಸಹಿತ ಬರೆಯುವುದನ್ನು ಮಾತ್ರ ಮರೆಯಬೇಡಿ. ಪಿಐಡಿಎಫ್‌ಡಿಯ ಪ್ರಸ್ತಾವ ಮೊದಲು ಬಂದದ್ದು ಪ್ರೋಸೆಸ್‌ಗಳ ವಿವರವನ್ನು ಕಡತಗಳಂತೆ ತೋರಿಸುವ ‘ಪ್ರಾಕ್’ ಫೈಲ್‌ಸಿಸ್ಟಂನಲ್ಲಿ ಪ್ರೋಸೆಸ್‌ನ ಡೈರೆಕ್ಟರಿ ತೆರೆದು ಅದರ ಮೇಲೆ ‘ಐಆಕ್ಟಲ್’ (ತೆರೆದ ಕಡತಕ್ಕೆ ವಿಶೇಷ ಆದೇಶ ಕೊಡುವ ಸಿಸ್ಟಂ ಕಾಲ್) ಕರೆಯುವ ರೂಪದಲ್ಲಿ. ಚರ್ಚೆಯ ನಂತರ ಅದು ಸ್ವತಂತ್ರ ಸಿಸ್ಟಂ ಕಾಲ್ ಆಯಿತು. ಹೆಸರು ಪ್ರಾಕ್‌ಎಫ್‌ಡಿ ಎಂದಿದ್ದದ್ದು ಟಾಸ್ಕ್‌ಎಫ್‌ಡಿ ಆಗಿ, ಕೊನೆಗೆ ಪಿಐಡಿಎಫ್‌ಡಿ ಎಂದು ನಿಂತಿತು. ಹೆಸರಿನ ಬಗ್ಗೆ ಅಷ್ಟು ವಾದ ಏಕೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಹೆಸರು ಕೂಡ ಹಿಂದಕ್ಕೆ ಪಡೆಯಲಾಗದ ಭಾಗಕ್ಕೆ ಸೇರಿದ್ದು, ಮತ್ತು ಪ್ರಾಕ್ ಎಂದು ಹೆಸರಿಟ್ಟರೆ ಆ ಫೈಲ್‌ಸಿಸ್ಟಂ ಇಲ್ಲದೆ ಇದು ನಡೆಯದೆಂದು ಓದುಗರು ಎಂದೆಂದಿಗೂ ತಿಳಿಯುತ್ತಾರೆ.

ಪತ್ರದ ಹೊರರೂಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾದಾ ಪಠ್ಯದಲ್ಲಿರಲಿ, ಕಳುಹಿಸುವ ಮೊದಲು ಶೈಲಿಯ ದೋಷ ಹುಡುಕುವ ‘ಚೆಕ್‌ಪ್ಯಾಚ್’ ಸ್ಕ್ರಿಪ್ಟ್ ಓಡಿಸಿ, ಪ್ರತಿ ಪ್ಯಾಚ್‌ನ ಕೆಳಗೆ ನಿಮ್ಮ ‘ಸೈನ್ಡ್-ಆಫ್-ಬೈ’ (ಇದನ್ನು ಕಳುಹಿಸುವ ಹಕ್ಕು ನನಗಿದೆ ಎಂಬ ಸಹಿ) ಸಾಲು ಇರಲಿ, ಒಂದು ಸಲಕ್ಕೆ ಹದಿನೈದಕ್ಕಿಂತ ಹೆಚ್ಚು ಪ್ಯಾಚ್ ಕಳುಹಿಸಬೇಡಿ. ನಮ್ಮ ಕಡೆಯವರಿಗೆ ಒಂದು ಮಾತು: ‘ಡಿಯರ್ ಸರ್’ ಎಂದು ಆರಂಭಿಸುವ ಅಗತ್ಯ ಇಲ್ಲ. ಅಲ್ಲಿ ಎಲ್ಲರೂ ಮೊದಲ ಹೆಸರಿನಿಂದಲೇ ಕರೆದುಕೊಳ್ಳುತ್ತಾರೆ, ಮತ್ತು ಹಿರಿಯ ಮೇಂಟೇನರೊಬ್ಬರ ಮಾತು ತಪ್ಪೆಂದು ಕಂಡರೆ ಕಾರಣ ಸಮೇತ ಹಾಗೆಂದು ಬರೆಯುವುದನ್ನು ಯಾರೂ ಅಗೌರವ ಎಂದು ತಿಳಿಯುವುದಿಲ್ಲ. ಹಿರಿಯರ ಎದುರು ಮಾತಾಡಬಾರದೆಂದು ಬೆಳೆದವರಿಗೆ ಇದು ಸುಲಭವಲ್ಲ. ಆದರೆ ಮನಸ್ಸಿನಲ್ಲಿರುವ ತಾಂತ್ರಿಕ ಭಿನ್ನಾಭಿಪ್ರಾಯವನ್ನು ಹೇಳದೆ ‘ಓಕೆ’ ಎಂದು ಬರೆದು, ಆಮೇಲೆ ಒಲ್ಲದ ವಿನ್ಯಾಸವನ್ನು ಹೊತ್ತು ನಡೆಯುವುದು ಅದಕ್ಕಿಂತ ಕಷ್ಟ.

ಹಂತ 6: ಅಳತೆಗಳನ್ನು ಕೊಡಿ

ವೇಗ ಹೆಚ್ಚುತ್ತದೆ ಎಂಬುದು ನಿಮ್ಮ ವಾದವಾಗಿದ್ದರೆ ಮಾತ್ರ ಈ ಹಂತ ಬೇಕು. ಪಿಐಡಿಎಫ್‌ಡಿಯಂತೆ ಸರಿಯಾದ ನಡವಳಿಕೆಯೇ ವಾದವಾಗಿದ್ದರೆ ಬಿಟ್ಟುಬಿಡಬಹುದು. ಯಂತ್ರ ಯಾವುದು, ಕರ್ನಲ್ ಯಾವ ಆವೃತ್ತಿ, ಎಷ್ಟು ಸಲ ಓಡಿಸಿದಿರಿ, ಸಲದಿಂದ ಸಲಕ್ಕೆ ಎಷ್ಟು ಏರುಪೇರು ಬಂತು, ಇವೆಲ್ಲ ಇರಬೇಕು. ನಿಮ್ಮ ಬದಲಾವಣೆಯಿಂದ ನಿಧಾನವಾದ ಕೆಲಸ ಯಾವುದೆಂದೂ ಹುಡುಕಿ ನೀವೇ ಬರೆಯಿರಿ, ಏಕೆಂದರೆ ಮರುದಿನ ಬೆಳಿಗ್ಗೆಯೊಳಗೆ ಇನ್ನೊಬ್ಬರು ಅದನ್ನು ಹುಡುಕಿರುತ್ತಾರೆ. ಲಾಭ ಕರ್ನಲ್‌ಗೆ ತಂದದ್ದರಿಂದಲೇ ಬಂತೋ, ಅಥವಾ ಬಳಕೆದಾರರ ಪ್ರೋಗ್ರಾಂನಲ್ಲಿದ್ದ ಅನಗತ್ಯ ಕೆಲಸವನ್ನು ತೆಗೆದದ್ದರಿಂದ ಬಂತೋ ಎಂಬುದನ್ನೂ ಬೇರ್ಪಡಿಸಿ ಅಳೆಯಿರಿ.

ಹಂತ 7: ಆಕ್ಷೇಪಗಳಿಗೆ ಉತ್ತರಿಸಿ

ಪತ್ರ ಕಳುಹಿಸಿದ ಮೇಲೆ ಕನಿಷ್ಠ ಒಂದು ವಾರ ಕಾಯಿರಿ. ಎರಡು ವಾರದ ಮರ್ಜ್ ವಿಂಡೋ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಯಬೇಕು. ಆಗ ಮೇಂಟೇನರುಗಳು ಮುಂದಿನ ಆವೃತ್ತಿಗೆ ಕೋಡ್ ಸೇರಿಸುವ ಗಡಿಬಿಡಿಯಲ್ಲಿರುತ್ತಾರೆ. ಬೆಂಗಳೂರಿನಲ್ಲಿ ಕುಳಿತು ಕೆಲಸ ಮಾಡುವವರಿಗೆ ಇನ್ನೊಂದು ಲೆಕ್ಕವೂ ಇದೆ: ನಮ್ಮ ರಾತ್ರಿ ಒಂಬತ್ತು ಗಂಟೆಗೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಕೆಲಸ ಆರಂಭವಾಗುತ್ತಿರುತ್ತದೆ. ರಾತ್ರಿಯೇ ಎದ್ದು ಕುಳಿತು ಉತ್ತರಿಸುವುದಕ್ಕಿಂತ, ಬೆಳಿಗ್ಗೆ ಎದ್ದು ಎಲ್ಲ ಪತ್ರಗಳನ್ನೂ ಒಮ್ಮೆಗೇ ಓದಿ, ಮಧ್ಯಾಹ್ನದವರೆಗೆ ಯೋಚಿಸಿ ಬರೆದ ಉತ್ತರ ಯಾವಾಗಲೂ ಉತ್ತಮ. ಸಮಯದ ಈ ಅಂತರವನ್ನು ನಾನು ಅನುಕೂಲವೆಂದೇ ತಿಳಿದಿದ್ದೇನೆ.

ಉತ್ತರಿಸುವಾಗ ಅವರ ಪತ್ರದ ಸಾಲಿನ ಕೆಳಗೇ ನಿಮ್ಮ ಸಾಲು ಬರಲಿ, ಒಂದು ಪ್ರಶ್ನೆಯನ್ನೂ ಬಿಡಬೇಡಿ. ಆಕ್ಷೇಪ ಯಾವ ಬಗೆಯದು ಎಂದು ಮೊದಲು ಗುರುತಿಸಿಕೊಳ್ಳಿ. ‘ಈ ಎರಡು ಪ್ರೋಸೆಸರ್‌ಗಳ ನಡುವೆ ಲಾಕ್ ಹಿಡಿಯುವ ಕ್ರಮ ತಪ್ಪಿದೆ’ ಎಂಬುದು ಕೋಡ್‌ನ ಆಕ್ಷೇಪ. ತಿದ್ದಿ, ಧನ್ಯವಾದ ಹೇಳಿ, ಮುಂದುವರಿಯಿರಿ. ‘ಇದು ಸಿಸ್ಟಂ ಕಾಲ್ ಆಗಬೇಕೇ ಹೊರತು ಐಆಕ್ಟಲ್ ಅಲ್ಲ’ ಎಂಬುದು ರೂಪದ ಆಕ್ಷೇಪ. ಇಲ್ಲಿ ನಿಮ್ಮ ಕಾರಣ ಮತ್ತು ಅವರ ಕಾರಣಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಬೇಕು, ಸೋತರೆ ಬದಲಿಸಬೇಕು. ‘ಇದು ಕರ್ನಲ್‌ನಲ್ಲಿ ಇರಬೇಕಾದದ್ದೇ ಅಲ್ಲ’ ಎಂಬುದು ಬುಡದ ಆಕ್ಷೇಪ. ಇದಕ್ಕೆ ಕೋಡ್ ತಿದ್ದಿ ಉತ್ತರಿಸಲಾಗದು. ಆದರೂ ಎಷ್ಟೋ ಜನ ಹಾಗೆಯೇ ಮಾಡುತ್ತಾರೆ: ಎರಡನೇ ಸರಣಿ, ಮೂರನೇ ಸರಣಿ, ಐದನೇ ಸರಣಿ ಎಂದು ಕೋಡನ್ನು ಹೊಳಪುಗೊಳಿಸಿ ಕಳುಹಿಸುತ್ತಲೇ ಇರುತ್ತಾರೆ, ಮತ್ತು ಮೊದಲ ದಿನ ಕೇಳಿದ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ. ಅಂಥ ಸಂದರ್ಭದಲ್ಲಿ ಪ್ಯಾಚ್ ಕಳುಹಿಸುವುದನ್ನು ನಿಲ್ಲಿಸಿ, ಕೇವಲ ಸಮಸ್ಯೆಯ ಬಗ್ಗೆ ಪತ್ರ ಬರೆಯಿರಿ.

ಚರ್ಚೆ ಸಾಮಾನ್ಯ ತತ್ತ್ವಗಳತ್ತ ಜಾರದಂತೆ ನೋಡಿಕೊಳ್ಳಿ. 1992ರ ಜನವರಿಯಲ್ಲಿ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ಅವರು ಏಕಶಿಲೆಯ (ಎಲ್ಲ ಸೇವೆಗಳೂ ಒಂದೇ ತುಂಡಾಗಿರುವ) ಕರ್ನಲ್ ಹಳೆಯ ಕಾಲದ್ದೆಂದು ಬರೆದಾಗ, ಲಿನಕ್ಸ್ ಹುಟ್ಟುಹಾಕಿದ, ಆಗ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಅದಕ್ಕೆ ಖಾರವಾಗಿಯೇ ಉತ್ತರಿಸಿದರು. ಆ ವಾದವನ್ನು ಇಂದಿಗೂ ಆಸಕ್ತಿಯಿಂದ ಓದುತ್ತಾರೆ. ಆದರೆ ಮೈಕ್ರೋಕರ್ನಲ್ (ಹೆಚ್ಚಿನ ಸೇವೆಗಳನ್ನು ಹೊರಗಿಟ್ಟ ಚಿಕ್ಕ ಕರ್ನಲ್) ಮೇಲೋ ಏಕಶಿಲೆ ಮೇಲೋ ಎಂಬಂಥ ಪ್ರಶ್ನೆಗೆ ಒಂದು ಪ್ಯಾಚ್ ಸರಣಿಯ ಮೇಲೆ ನಡೆಯುವ ಚರ್ಚೆಯಲ್ಲಿ ಉತ್ತರ ಸಿಗುವುದಿಲ್ಲ. ‘ನೀವು ಹೇಳಿದ ತೊಂದರೆ ಯಾವ ಪ್ರೋಗ್ರಾಂಗೆ, ಯಾವ ಹೊತ್ತಿನಲ್ಲಿ ಬರುತ್ತದೆ?’ ಎಂದು ವಿನಯದಿಂದ ಕೇಳಿದರೆ ವಾದ ತನ್ನಷ್ಟಕ್ಕೆ ನೆಲಕ್ಕೆ ಇಳಿಯುತ್ತದೆ.

ಹೊಸ ಸರಣಿ ಕಳುಹಿಸಿದಾಗಲೆಲ್ಲ ಹಿಂದಿನದಕ್ಕೂ ಇದಕ್ಕೂ ಏನು ವ್ಯತ್ಯಾಸ, ಅದು ಯಾರ ಸಲಹೆಯಿಂದ ಆಯಿತು ಎಂಬ ಪಟ್ಟಿ ಮುಖಪತ್ರದಲ್ಲಿರಲಿ. ಒಪ್ಪದ ಸಲಹೆಯನ್ನೂ ಅದೇ ಪಟ್ಟಿಯಲ್ಲಿ ಕಾರಣದೊಂದಿಗೆ ನಮೂದಿಸಿ. ಸಲಹೆಯನ್ನು ಸದ್ದಿಲ್ಲದೆ ಬಿಟ್ಟರೆ ಆ ರಿವ್ಯೂ ಮಾಡಿದವರು ಮುಂದಿನ ಸಲ ಓದುವುದಿಲ್ಲ, ಮತ್ತು ಕರ್ನಲ್‌ನಲ್ಲಿ ರಿವ್ಯೂ ಮಾಡುವವರ ಸಮಯಕ್ಕಿಂತ ದುರ್ಲಭವಾದದ್ದು ಬೇರೆ ಇಲ್ಲ.

ಹಂತ 8: ಹಳೆಯದು ಮುರಿಯುತ್ತದೆಯೇ ಎಂದು ಪರೀಕ್ಷಿಸಿ

ಕರ್ನಲ್ ಬಳಗದಲ್ಲಿ ವಾದಕ್ಕೆ ಅವಕಾಶ ಬಹಳ ಕಡಿಮೆ ಇರುವ ನಿಯಮ ಒಂದಿದೆ: ನಿನ್ನೆ ನಡೆಯುತ್ತಿದ್ದ ಪ್ರೋಗ್ರಾಂ ಇಂದಿನ ಕರ್ನಲ್‌ನಲ್ಲೂ ನಡೆಯಬೇಕು. 2019ರಲ್ಲಿ 5.3ನೇ ಆವೃತ್ತಿಯ ತಯಾರಿ ನಡೆದಾಗ ಎಕ್ಸ್‌ಟಿ4 ಫೈಲ್‌ಸಿಸ್ಟಂನಲ್ಲಿ ಡಿಸ್ಕ್ ಓದುವಿಕೆಯನ್ನು ಕಡಿಮೆ ಮಾಡುವ ಒಂದು ಸುಧಾರಣೆ ಸೇರಿತ್ತು. ಕೋಡ್ ಸರಿಯಾಗಿತ್ತು, ವೇಗವೂ ಹೆಚ್ಚಿತ್ತು. ಆದರೆ ಡಿಸ್ಕ್‌ನ ಇಂಟರಪ್ಟ್‌ಗಳು (ಕೆಲಸ ಮುಗಿಯಿತೆಂದು ಹಾರ್ಡ್‌ವೇರ್ ಕೊಡುವ ಸಂಕೇತಗಳು) ಕಡಿಮೆಯಾದದ್ದರಿಂದ, ಬೂಟ್ ಆಗುವಾಗ ಯಾದೃಚ್ಛಿಕ ಸಂಖ್ಯೆಗಳಿಗೆ ಬೇಕಾದ ಅನಿಶ್ಚಿತತೆ ಸಾಕಷ್ಟು ಸಂಗ್ರಹವಾಗದೆ, ‘ಗೆಟ್‌ರ್ಯಾಂಡಮ್’ ಕರೆದ ಪ್ರೋಗ್ರಾಂ ಕಾಯುತ್ತ ನಿಂತು, ಯಂತ್ರ ಲಾಗಿನ್ ಪರದೆಗೆ ಬರದೆ ಉಳಿಯುವಂತಾಯಿತು. ಬಿಡುಗಡೆಗೆ ತೀರ ಮುನ್ನ ಟೋರ್ವಾಲ್ಡ್ಸ್ ಆ ಸುಧಾರಣೆಯನ್ನೇ ಹಿಂದಕ್ಕೆ ತೆಗೆದರು. ಯಾದೃಚ್ಛಿಕ ಸಂಖ್ಯೆಗಳ ಮೂಲ ತೊಂದರೆಯನ್ನು 5.4ರಲ್ಲಿ ಬೇರೆಯಾಗಿ ಸರಿಪಡಿಸಲಾಯಿತು.

ತಪ್ಪು ಯಾರದು ಎಂಬ ಪ್ರಶ್ನೆ ಅಲ್ಲಿ ಮುಖ್ಯವಾಗಲಿಲ್ಲ ಎಂಬುದನ್ನು ಗಮನಿಸಿ. ನಿಮ್ಮ ಪ್ರಸ್ತಾವದ ಜೊತೆಗೆ ಕರ್ನಲ್‌ನ ‘ಸೆಲ್ಫ್‌ಟೆಸ್ಟ್’ಗಳಿಗೆ ಸೇರುವ ಪರೀಕ್ಷೆಗಳನ್ನು ಬರೆಯಿರಿ, ಹಳೆಯ ಹಾರ್ಡ್‌ವೇರ್‌ನಲ್ಲಿ, ಕಡಿಮೆ ಮೆಮೊರಿಯ ವರ್ಚುವಲ್ ಯಂತ್ರದಲ್ಲಿ, ಒಂದೇ ಪ್ರೋಸೆಸರ್ ಇರುವಲ್ಲಿ ಓಡಿಸಿ ನೋಡಿ.

ಹಂತ 9: ವಾದ ನಿಂತುಹೋದರೆ ಪ್ರಸ್ತಾವವನ್ನು ಒಡೆಯಿರಿ

ದೊಡ್ಡ ಪ್ರಸ್ತಾವ ಒಂದೇ ಗುಕ್ಕಿಗೆ ಒಳಗೆ ಹೋಗುವುದಿಲ್ಲ. ಪಿಐಡಿಎಫ್‌ಡಿಯ ಬಳಗ 5.1ರಲ್ಲಿ ಸಿಗ್ನಲ್ ಕಳುಹಿಸುವುದನ್ನು ಮಾತ್ರ ತಂದಿತು. ಪ್ರೋಸೆಸ್ ಹುಟ್ಟಿಸುವಾಗಲೇ ಡಿಸ್ಕ್ರಿಪ್ಟರ್ ಪಡೆಯುವ ಸೌಲಭ್ಯ 5.2ರಲ್ಲಿ, ಚಾಲನೆಯಲ್ಲಿರುವ ಪ್ರೋಸೆಸ್‌ಗೆ ಅದನ್ನು ಪಡೆಯುವುದು 5.3ರಲ್ಲಿ, ಅದರ ಮೂಲಕ ‘ವೇಟ್’ ಮಾಡುವುದು 5.4ರಲ್ಲಿ ಬಂತು. ಪ್ರತಿ ತುಂಡೂ ತನ್ನಷ್ಟಕ್ಕೇ ಉಪಯುಕ್ತವಾಗಿತ್ತು, ಪ್ರತಿ ತುಂಡಿಗೂ ಪ್ರತ್ಯೇಕ ವಾದ ನಡೆಯಿತು. ಇದರ ಅತಿ ದೀರ್ಘ ಉದಾಹರಣೆ ನೈಜಕಾಲದ (ನಿಗದಿತ ಸಮಯದೊಳಗೆ ಖಚಿತವಾಗಿ ಸ್ಪಂದಿಸುವ) ಕರ್ನಲ್‌ಗಾಗಿ ನಡೆದ ‘ಪ್ರಿಎಂಪ್ಟ್-ಆರ್‌ಟಿ’ ಕೆಲಸ. ಸುಮಾರು ಇಪ್ಪತ್ತು ವರ್ಷ ಅದು ಹೊರಗಿನ ಪ್ಯಾಚ್ ಆಗಿಯೇ ಇತ್ತು. ಆ ಅವಧಿಯಲ್ಲಿ ಮ್ಯೂಟೆಕ್ಸ್, ಹೈ-ರೆಸಲ್ಯೂಶನ್ ಟೈಮರ್, ಥ್ರೆಡ್ ರೂಪದ ಇಂಟರಪ್ಟ್‌ಗಳು ಒಂದೊಂದಾಗಿ ಅದರಿಂದ ಮುಖ್ಯ ಕರ್ನಲ್‌ಗೆ ಸೇರಿದವು, ಮತ್ತು ಕೊನೆಯ ತಡೆಯಾಗಿದ್ದ, ಕರ್ನಲ್‌ನ ಸಂದೇಶಗಳನ್ನು ಮುದ್ರಿಸುವ ‘ಪ್ರಿಂಟ್‌ಕೆ’ಯ ಮರುವಿನ್ಯಾಸ ಮುಗಿದ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ, 6.12ನೇ ಆವೃತ್ತಿಗಾಗಿ, ಅದನ್ನು ಚಾಲೂ ಮಾಡುವ ಆಯ್ಕೆ ಒಳಬಂತು.

ಪತ್ರದಲ್ಲಿ ಬಗೆಹರಿಯದ ವಿಷಯವನ್ನು ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಂಥ ಕಡೆ ಎದುರುಬದುರು ಕುಳಿತು ಚರ್ಚಿಸುವುದು ಅನೇಕ ಸಲ ಫಲ ಕೊಡುತ್ತದೆ. ಆದರೆ ಅಲ್ಲಿ ಆದ ಒಪ್ಪಂದವನ್ನು ಮರಳಿ ಬಂದ ಕೂಡಲೇ ಸಾರ್ವಜನಿಕ ಪತ್ರದಲ್ಲಿ ಬರೆಯಬೇಕು. ಕೋಣೆಯಲ್ಲಿ ಇಲ್ಲದವರು ಅದನ್ನು ಒಪ್ಪಲು ಬೇರೆ ದಾರಿ ಇಲ್ಲ.

ಹಂತ 10: ಒಪ್ಪಿಗೆ ಸಿಕ್ಕ ಮೇಲೆ

‘ರಿವ್ಯೂಡ್-ಬೈ’ ಸಾಲುಗಳು ಬಂದು, ಮೇಂಟೇನರ್ ನಿಮ್ಮ ಸರಣಿಯನ್ನು ತಮ್ಮ ಟ್ರೀಗೆ (ಕರ್ನಲ್ ಕೋಡ್‌ನ ತಮ್ಮ ಪ್ರತಿಗೆ) ತೆಗೆದುಕೊಂಡರೆ, ಅದು ಮೊದಲು ಲಿನಕ್ಸ್-ನೆಕ್ಸ್ಟ್‌ನಲ್ಲಿ ಇತರರ ಕೋಡ್‌ನೊಡನೆ ಬೆರೆತು ಪರೀಕ್ಷೆಗೆ ಒಳಗಾಗುತ್ತದೆ, ಆಮೇಲೆ ಮರ್ಜ್ ವಿಂಡೋದಲ್ಲಿ ಟೋರ್ವಾಲ್ಡ್ಸ್ ಅವರ ಟ್ರೀಗೆ ಹೋಗುತ್ತದೆ. ಅಲ್ಲಿಂದ ಬಿಡುಗಡೆಯವರೆಗೆ ಸಾಮಾನ್ಯವಾಗಿ ಏಳೆಂಟು ವಾರ, ವಾರಕ್ಕೊಂದು ಆರ್‌ಸಿ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ). ಮ್ಯಾನ್ ಪುಟವನ್ನು (ಬಳಕೆಯ ಕೈಪಿಡಿಯ ಪುಟ) ಈ ಅವಧಿಯೊಳಗೆ ಬರೆದು ಕಳುಹಿಸಿ. ಪ್ರತಿಯೊಂದು ದೋಷಸಂಕೇತ ಯಾವಾಗ ಬರುತ್ತದೆಂದು ಬರೆಯಲು ಕುಳಿತಾಗಲೇ ಇಂಟರ್‌ಫೇಸ್‌ನ ಉಳಿದ ಬಿರುಕುಗಳು ಕಣ್ಣಿಗೆ ಬೀಳುತ್ತವೆ, ಮತ್ತು ಬಿಡುಗಡೆಯಾಗುವವರೆಗೆ ಮಾತ್ರ ಅವನ್ನು ತಿದ್ದಲು ಅವಕಾಶ ಇರುತ್ತದೆ. ನಿಮ್ಮ ಫ್ಲ್ಯಾಗ್ಸ್ ಆರ್ಗ್ಯುಮೆಂಟ್‌ಗೆ ಸೊನ್ನೆಯಲ್ಲದ ಬೆಲೆ ಕೊಟ್ಟು ನೋಡುವ ಪರೀಕ್ಷೆಯನ್ನು ಆರ್‌ಸಿ1ರ ಮೇಲೆ ಓಡಿಸಿ, ಇ-ಇನ್‌ವ್ಯಾಲ್ ಬರುವುದನ್ನು ನಿಮ್ಮ ಕಣ್ಣಾರೆ ನೋಡಿ. ಆ ಏಳೆಂಟು ವಾರ ಊರಿಗೆ ಹೋದರೂ ಲ್ಯಾಪ್‌ಟಾಪ್ ಜೊತೆಗಿರಲಿ, ನಿಮ್ಮ ಪ್ಯಾಚ್‌ನ ಹೆಸರು ಹೇಳಿ ಬರುವ ರಿಗ್ರೆಶನ್ (ಮೊದಲು ನಡೆಯುತ್ತಿದ್ದದ್ದು ಈಗ ಕೆಟ್ಟಿತೆಂಬ) ವರದಿಗೆ ಅಂದೇ ಉತ್ತರಿಸಿ.